ಅನಂತ್ ನಾಗ್ ಫ್ಯಾನ್ಸ್ ಕೂತು ಪಾತ್ರ ಹೋಲಿಸೋದು ಹೇಗೆ (ಹಿಟ್ ಪಿಕ್ಚರ್‌ಗಳನ್ನ ಪಕ್ಕಕ್ಕಿಟ್ಟು)

ಅನಂತ್ ನಾಗ್ ಫ್ಯಾನ್ಸ್ ನಾಲ್ಕು ಜನ ಸೇರಿದ್ರೆ ಮಾತು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳ್ಬಹುದು, ಒಬ್ರು ಗಣೇಶನ ಮದುವೆ ಅಂತಾರೆ, ಇನ್ನೊಬ್ರು ಮುಂಗಾರು ಮಳೆ ಕರ್ನಲ್ ಅಂತಾರೆ, ಮೂರನೆಯವ್ರು ಗೋಧಿ ಬಣ್ಣ ಸಾಧಾರಣ ಮೈಕಟ್ಟು ನೋಡಿ ಕಣ್ಣೀರು ಬಂತು ಅಂತಾರೆ, ಆಮೇಲೆ ಎಲ್ರೂ "ಏನ್ ಆ್ಯಕ್ಟರ್ ಗುರು" ಅಂದು ಕಾಫಿ ಕುಡಿದು ಎದ್ದು ಹೋಗ್ತಾರೆ. ಹೊಗಳಿದ್ದಾಯ್ತು, ಹೋಲಿಸಿದ್ದು ಏನೂ ಇಲ್ಲ. ಐವತ್ತು ವರ್ಷದ ಕೆಲಸ, ಕನ್ನಡ ಬಿಟ್ಟು ಹಿಂದಿ, ತೆಲುಗು, ಮಲಯಾಳಂ, ಮರಾಠಿಗೂ ಹರಡಿದೆ, 2025ರಲ್ಲಿ ಪದ್ಮಭೂಷಣ ಬಂದಾಗ ಹೊಸ ಹುಡುಗ್ರೂ ಹುಡುಕಿ ಹುಡುಕಿ ನೋಡೋಕೆ ಶುರು ಮಾಡಿದ್ರು, ಆದ್ರೆ ಹುಡುಕಿದ್ರೆ ಸಿಗೋದು ಅದೇ ಹತ್ತು ಪಿಕ್ಚರ್. ಅದಕ್ಕೆ ನಮ್ಮ ಗುಂಪಲ್ಲಿ ನಾವು ಹೇಗೆ ಮಾಡ್ತೀವಿ ಅಂತ ಬರೀತಿದೀನಿ, ನಿಮಗೆ ಬೇಕಾದಂಗೆ ಬದಲಾಯಿಸಿಕೊಳ್ಳಿ.

ಮೊದಲನೇದು, ಸಿನಿಮಾ ಲಿಸ್ಟ್ ಮಾಡ್ಬೇಡಿ. ಎದುರಿಗೆ ಯಾರಿದ್ರು ಅಂತ ಲಿಸ್ಟ್ ಮಾಡಿ. ನನ್ನ ಪ್ರಕಾರ ಈ ಮನುಷ್ಯನ ಆ್ಯಕ್ಟಿಂಗ್ ಇರೋದು ತಾನು ಡೈಲಾಗ್ ಹೇಳುವಾಗ ಅಲ್ಲ, ಎದುರಿನವ್ರು ಹೇಳುವಾಗ. ಕೇಳಿಸಿಕೊಳ್ಳೋ ಮುಖ ಅದು. ಎದುರಿಗಿರೋರು ಬದಲಾದ್ರೆ ಆ ಮುಖ ಪೂರ್ತಿ ಬದಲಾಗುತ್ತೆ, ಹಾಗಾಗಿ ಎದುರಿಗಿರೋರನ್ನ ಹಿಡಿದ್ರೆ ಪಾತ್ರ ತಾನಾಗೇ ಸಿಗುತ್ತೆ.

ಶಬಾನಾ ಆಜ್ಮಿ ಇಂದ ಶುರು ಮಾಡಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಯಾಕಂದ್ರೆ ಇಲ್ಲಿ ಲೆಕ್ಕ ಸುಲಭ. ಮೂರು ಪಿಕ್ಚರ್, ನಾಲ್ಕೇ ವರ್ಷದೊಳಗೆ: ಅಂಕುರ್ 1974, ನಿಶಾಂತ್ 1975, ಕನ್ನೇಶ್ವರ ರಾಮ 1977. ಅಂಕುರ್‌ನಲ್ಲಿ ಇವ್ರು ಜಮೀನ್ದಾರನ ಮಗ ಸೂರ್ಯ, ಹೈದರಾಬಾದಲ್ಲಿ ಓದಿ ಅಪ್ಪನ ಮಾತಿಗೆ ಹಳ್ಳಿ ಜಮೀನು ನೋಡ್ಕೊಳ್ಳೋಕೆ ಬಂದೋನು, ಶಬಾನಾ ಮನೆಕೆಲಸದ ಲಕ್ಷ್ಮಿ. ಇಲ್ಲಿ ನೋಡಬೇಕಾದ್ದು ಪ್ರೀತಿ ಅಲ್ಲ, ಸಲುಗೆ ಎಲ್ಲಿಂದ ಶುರುವಾಗಿ ಎಲ್ಲಿ ಹೆದರಿಕೆ ಆಗುತ್ತೆ ಅನ್ನೋದು. ಮೊದಮೊದಲು ಜಾತಿ ಗೀತಿ ನಾನು ನೋಡಲ್ಲ ಅನ್ನೋ ಕಾಲೇಜು ಹುಡುಗನ ಧಿಮಾಕು, ಅವಳ ಕೈಯಲ್ಲೇ ಟೀ ಮಾಡಿಸ್ಕೊಂಡು ಕುಡಿಯೋದು, ಆಮೇಲೆ ಊರಿಗೆ ಗೊತ್ತಾಗೋ ಹೊತ್ತಿಗೆ ಕಣ್ಣು ಎಲ್ಲೆಲ್ಲೋ ಓಡಾಡುತ್ತೆ, ಕೊನೇಲಿ ಅವಳ ಗಂಡನಿಗೆ ಚಾಟಿ ಬೀಸೋದು ಸಿಟ್ಟಲ್ಲಿ ಅಲ್ಲ, ಪಕ್ಕಾ ಭಯದಲ್ಲಿ, ಹೊಡೆದು ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ತಾನೆ. ಇಪ್ಪತ್ತೈದು ವರ್ಷದ ಹುಡುಗ ಹಿಂದಿಗೆ ಬಂದ ಹೊಸತರಲ್ಲೇ ಹೇಡಿಯ ಪಾತ್ರ ಒಪ್ಕೊಂಡು, ಅದರಲ್ಲಿ ಸಿಂಪಥಿ ಗಿಟ್ಟಿಸೋಕೆ ಒಂದು ಸಲನೂ ಟ್ರೈ ಮಾಡಿಲ್ಲ. ನನಗೆ ಈಗ್ಲೂ ಅವರ ಬೆಸ್ಟ್ ಇದೇ.

ನಿಶಾಂತ್‌ನಲ್ಲಿ ಅದೇ ಶಬಾನಾ, ಮೇಷ್ಟ್ರ ಹೆಂಡತಿ, ಇವ್ರು ಆಕೆಯನ್ನ ಎತ್ತಾಕ್ಕೊಂಡು ಹೋಗೋ ಜಮೀನ್ದಾರನ ತಮ್ಮಂದಿರಲ್ಲಿ ಒಬ್ರು, ಅಂಜಯ್ಯ. ಸೂರ್ಯನಿಗಿದ್ದ ಅಳುಕು ಇಲ್ಲಿ ಚೂರೂ ಇಲ್ಲ. ಪಾತ್ರ ಚಿಕ್ಕದು ಅಂತ ಬಿಡ್ಬೇಡಿ, ಅಂಕುರ್ ನೋಡಿ ಮಾರನೇ ದಿನವೇ ನೋಡಿದ್ರೆ ಮೈ ಜುಂ ಅನ್ನುತ್ತೆ. ಆಮೇಲೆ ಎಂ.ಎಸ್. ಸತ್ಯು ಅವರ ಕನ್ನೇಶ್ವರ ರಾಮ, ಇಲ್ಲಿ ಇವ್ರು ಊರು ಬಿಟ್ಟು ಡಕಾಯಿತ ಆದ ರಾಮ, ಶಬಾನಾ ಮಲ್ಲಿ, ಇಬ್ರೂ ಸಮಾನ, ಮೇಲೆ ಕೆಳಗೆ ಅನ್ನೋದೇ ಇಲ್ಲ. ಮೂರನ್ನೂ ನೋಡಾದ್ಮೇಲೆ ಗುಂಪಲ್ಲಿ ಒಂದೇ ಪ್ರಶ್ನೆ ಹಾಕಿ: ಯಾವುದ್ರಲ್ಲಿ ಅವರಿಬ್ರ ಮಧ್ಯೆ ಜಾಗ ಕಡಿಮೆ ಇತ್ತು? ಅಂದ್ರೆ ಒಬ್ರ ಪಕ್ಕ ಒಬ್ರು ಎಷ್ಟು ಹತ್ರ ನಿಲ್ತಾರೆ, ಯಾರು ಮೊದಲು ಕಣ್ಣು ತೆಗೀತಾರೆ, ಅದು. ಹೊಸಬ್ರಿಗೆ ಈ ಪ್ರಶ್ನೆ ತಮಾಷೆ ಅನ್ಸುತ್ತೆ ಆದ್ರೆ ಉತ್ತರ ಹುಡುಕೋಕೆ ಸೀನ್ ವಾಪಸ್ ಹಾಕಿ ನೋಡ್ಲೇಬೇಕಾಗುತ್ತೆ, ನಮಗೆ ಬೇಕಾಗಿರೋದೂ ಅದೇ.

ಈಗ ನಟಿ ಲಕ್ಷ್ಮಿ. ಇಲ್ಲಿ ಜಗಳ ಆಗುತ್ತೆ, ರೆಡಿ ಇರಿ. ನಮ್ಮಮ್ಮನ ವಯಸ್ಸಿನೋರಿಗೆಲ್ಲ ಜೋಡಿ ಅಂದ್ರೆ ಅನಂತ್ ನಾಗ್-ಲಕ್ಷ್ಮಿ ಅಷ್ಟೇ, ಚಂದನದ ಗೊಂಬೆ, ಬೆಂಕಿಯ ಬಲೆ, ಮುದುಡಿದ ತಾವರೆ ಅರಳಿತು, ಮಕ್ಕಳಿರಲವ್ವ ಮನೆತುಂಬ, ಹೇಳ್ತಾ ಹೋದ್ರೆ ಮುಗಿಯಲ್ಲ. ಇದನ್ನ ಹೋಲಿಸೋಕೆ ಒಂದೇ ರೂಲ್: ಹಾಡು ಲೆಕ್ಕಕ್ಕಿಲ್ಲ. ಹಾಡಲ್ಲಿ ಧ್ವನಿ ಗಾಯಕರದ್ದು, ನಡಿಗೆ ಡ್ಯಾನ್ಸ್ ಮಾಸ್ಟರ್ ಹೇಳಿದ್ದು, ಹೂವಿನ ತೋಟ ಪ್ರೊಡ್ಯೂಸರ್ ಬಜೆಟ್ಟು, ಅದನ್ನ ನೋಡಿ ಕೆಮಿಸ್ಟ್ರಿ ಸೂಪರ್ ಅಂದ್ರೆ ಇಳಯರಾಜಾನೋ ರಾಜನ್-ನಾಗೇಂದ್ರನೋ ಮಾಡಿದ ಕೆಲಸಕ್ಕೆ ಇವ್ರಿಗೆ ಮಾರ್ಕ್ಸ್ ಕೊಟ್ಟಂಗಾಯ್ತು. ಅದರ ಬದಲು ಮನೆಯೊಳಗಿನ ಒಂದು ಸೀನ್ ಹಿಡೀರಿ, ಊಟ, ಮುನಿಸು, ದುಡ್ಡಿನ ವಿಷ್ಯ, ಏನಾದ್ರೂ ಸರಿ, ಸೌಂಡ್ ಆಫ್ ಮಾಡಿ ಎರಡು ನಿಮಿಷ ನೋಡಿ. ಮಾತು ಇಲ್ದೇನೂ ಅವರಿಬ್ರು ಗಂಡ ಹೆಂಡ್ತಿ ಅಂತ ಗೊತ್ತಾಗುತ್ತಾ ಇಲ್ವಾ. ಲಕ್ಷ್ಮಿ ಜೊತೆ ಗೊತ್ತಾಗುತ್ತೆ, ನನಗಂತೂ.

ಕಡಿಮೆ ಜನ ಮಾತಾಡೋದು ನಾ ನಿನ್ನ ಬಿಡಲಾರೆ ಬಗ್ಗೆ. 1979ರ ದೆವ್ವದ ಪಿಕ್ಚರ್, ಎಲ್ರಿಗೂ ನೆನಪಿರೋದು ಹೆದರಿದ್ದು ಮಾತ್ರ. ಆದ್ರೆ ಅದು ಮೈಮೇಲೆ ಬರೋದು ಗಂಡನಿಗೆ, ಹೆಂಡ್ತಿಗಲ್ಲ, ಕಾಪಾಡೋಕೆ ಒದ್ದಾಡೋದು ಹೆಂಡ್ತಿ. ಎಂಬತ್ತರ ಸಂಸಾರದ ಪಿಕ್ಚರ್‌ಗಳಲ್ಲಿ ನೋಡಿದ ಅದೇ ಜೋಡಿ, ಇಲ್ಲಿ ಗಂಡನ ಮುಖ ನೋಡಿ ಹೆಂಡ್ತಿನೇ ಹಿಂದೆ ಸರೀಬೇಕು. ಇದರ ಜೊತೆ 1980ರ ಗೆಹರಾಯಿ ಇಟ್ಟು ನೋಡಿ, ಹಿಂದಿ ಹಾರರ್, ಬೆಂಗಳೂರಲ್ಲಿರೋ ಒಂದು ಮನೆ ಕಥೆ, ತಂಗಿ ಪದ್ಮಿನಿ ಕೊಲ್ಹಾಪುರೆ ಮೈಮೇಲೆ ಬರುತ್ತೆ, ಅಪ್ಪ ಶ್ರೀರಾಮ್ ಲಾಗೂ, ಇವ್ರು ಅಣ್ಣ. ಒಂದ್ರಲ್ಲಿ ಹಿಡಿಸ್ಕೊಂಡೋನು, ಇನ್ನೊಂದ್ರಲ್ಲಿ ನಿಂತು ನೋಡೋನು, ಒಂದೇ ವರ್ಷದ ಅಂತರ. ಹಾರರ್ ಇಷ್ಟ ಇರೋ ಹುಡುಗ್ರನ್ನ ಗುಂಪಿಗೆ ಎಳೆಯೋಕೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಕಲ್ಪನಾ ಜೊತೆಗಿನ ಬಯಲುದಾರಿ (1976) ಒಂದನ್ನ ಇಲ್ಲೇ ಸೇರಿಸ್ಕೊಳ್ಳಿ. ಆಕೆ ಆಗ್ಲೇ ಮಿನುಗುತಾರೆ, ಇವ್ರು ಕನ್ನಡದ ಮಾಮೂಲಿ ಪ್ರೇಕ್ಷಕರಿಗೆ ಹೊಸಬ್ರು, ಆ ವ್ಯತ್ಯಾಸ ಪರದೆ ಮೇಲೆ ಕಾಣುತ್ತೆ, ಲಕ್ಷ್ಮಿ ಜೊತೆ ಇರೋ ನಿರಾಳ ಇಲ್ಲಿ ಇನ್ನೂ ಬಂದಿಲ್ಲ.

ಹೀರೋಯಿನ್ ಬಿಟ್ಟು ಬನ್ನಿ ಈಗ. ಕೆಮಿಸ್ಟ್ರಿ ಅಂದ್ರೆ ಲವ್ವೇ ಆಗ್ಬೇಕು ಅಂತ ಎಲ್ಲಿದೆ. ಮಿಂಚಿನ ಓಟ (1980) ಹಾಕಿ, ಶಂಕರ್ ನಾಗ್ ಡೈರೆಕ್ಷನ್, ಅಣ್ಣ ತಮ್ಮ ಇಬ್ರೂ ಕಾರ್ ಕಳ್ಳರು, ಜೊತೆಗೆ ಲೋಕನಾಥ್, ಜೈಲು. ಅಣ್ಣ ತಮ್ಮ ನಿಜವಾಗ್ಲೂ ಇರೋದ್ರಿಂದ ಸುಲಭ ಅಂತೀರಾ? ಆಕ್ಸಿಡೆಂಟ್ (1985) ನೋಡಿ ಹಾಗಾದ್ರೆ. ಅಲ್ಲಿ ಅವರಿಬ್ರು ವಿರುದ್ಧ ಪಕ್ಷ, ತಮ್ಮ ಸತ್ಯ ಹುಡುಕೋ ಪತ್ರಕರ್ತ, ಅಣ್ಣ ಧರ್ಮಾಧಿಕಾರಿ ಅನ್ನೋ ರಾಜಕಾರಣಿ, ಮಗ ಫುಟ್‌ಪಾತ್ ಮೇಲೆ ಮಲಗಿದ್ದೋರ ಮೇಲೆ ಕಾರ್ ಹತ್ತಿಸಿರ್ತಾನೆ, ಎಲೆಕ್ಷನ್ ಹತ್ರ ಇರುತ್ತೆ. ಹಾಡೇ ಇಲ್ಲದ ಪಿಕ್ಚರ್, ನಮ್ಮ ರೂಲ್‌ಗೆ ಹೇಳಿ ಮಾಡಿಸಿದಂಗಿದೆ.

ಆಕ್ಸಿಡೆಂಟ್ ಕೈಯಲ್ಲಿರುವಾಗ್ಲೇ ರಾಜಕೀಯದ ಮೂರು ಪಾತ್ರ ಸಾಲಾಗಿ ನೋಡಿ, ಇದು ನನ್ನ ಫೇವರಿಟ್. ಧರ್ಮಾಧಿಕಾರಿ ಆದ್ಮೇಲೆ 1987ರ ಅವಸ್ಥೆ, ಯು.ಆರ್. ಅನಂತಮೂರ್ತಿ ಕಾದಂಬರಿ, ಕೃಷ್ಣ ಮಾಸಡಿ ಡೈರೆಕ್ಷನ್, ಕೃಷ್ಣಪ್ಪ ಗೌಡನ ಪಾತ್ರದಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳು ಇದೆ. ಆಮೇಲೆ 1990ರ ಉದ್ಭವ, ಬಿ.ವಿ. ವೈಕುಂಠರಾಜು ಕಾದಂಬರಿ, ಕೋಡ್ಲು ರಾಮಕೃಷ್ಣ ಡೈರೆಕ್ಷನ್, ಇಲ್ಲಿ ಇವ್ರು ಖುರ್ಚಿ ಮೇಲೆ ಕೂರಲ್ಲ, ಖುರ್ಚಿ ಸುತ್ತ ಓಡಾಡಿ ಕೆಲಸ ಗಿಟ್ಟಿಸೋ ಆಸಾಮಿ. ಒಬ್ಬ ಕೆಟ್ಟೋನು, ಒಬ್ಬ ಒಳ್ಳೆಯವನಾಗಿ ಸೋತೋನು, ಒಬ್ಬ ಎರಡೂ ಅಲ್ಲದೋನು. ಮೂರರಲ್ಲೂ ಜನರ ಜೊತೆ ಮಾತಾಡುವಾಗ ಆ ನಗು ಬರುತ್ತಲ್ಲ, ಅದನ್ನ ಮಾತ್ರ ಗಮನಿಸಿ. ಧರ್ಮಾಧಿಕಾರಿ ನಗು ಕಣ್ಣಿಗೆ ಹೋಗೋದೇ ಇಲ್ಲ. ಇನ್ನೊಂದು ಮಜಾ ಏನಪ್ಪಾ ಅಂದ್ರೆ ಈ ಮೂರೂ ಮಾಡಿ ಮುಗಿಸಿದ ಮೇಲೇನೇ ಇವ್ರು 1994ರಲ್ಲಿ ಮಲ್ಲೇಶ್ವರಂ ಶಾಸಕರಾಗಿ, ಜೆ.ಎಚ್. ಪಟೇಲ್ ಸಂಪುಟದಲ್ಲಿ ಮಂತ್ರಿನೂ ಆಗಿದ್ದು.

ಅಪ್ಪ ಮಗ ಸಾಲು ಇನ್ನೊಂದಿದೆ. ಮಾಲ್ಗುಡಿ ಡೇಸ್ ಅಂದ್ರೆ ಎಲ್ರಿಗೂ ಸ್ವಾಮಿ, ಟೋಪಿ, ಆಗುಂಬೆ, ಆದ್ರೆ ಅದರಲ್ಲೇ ಮಿಠಾಯಿ ಅಂಗಡಿ ಜಗನ್ ಇದಾನೆ, ಅಮೆರಿಕಾಗೆ ಹೋಗಿ ಬಂದ ಮಗ ಮಾಲಿ ಕಥೆ ಬರೆಯೋ ಮಷಿನ್ ಫ್ಯಾಕ್ಟರಿ ಹಾಕ್ತೀನಿ ಅಂತಾನೆ, ಅಪ್ಪನಿಗೆ ತಲೆ ಬುಡ ಅರ್ಥ ಆಗಲ್ಲ. ಆ ಮುದುಕನ ಪಾತ್ರ ಮಾಡುವಾಗ ಇವ್ರಿಗೆ ನಲವತ್ತೂ ಆಗಿರ್ಲಿಲ್ಲ (ಹುಟ್ಟಿದ್ದು 1948). ಅದನ್ನ 2016ರ ಗೋಧಿ ಬಣ್ಣದ ವೆಂಕೋಬ ರಾವ್ ಪಕ್ಕ ಇಡಿ, ಆಗ ನಿಜವಾಗ್ಲೂ ಅರವತ್ತೇಳು. ನಲವತ್ತರೊಳಗೆ ವಯಸ್ಸಾದವ್ರ ಥರ ನಡೆದಿದ್ದಕ್ಕೂ ನಿಜವಾಗ್ಲೂ ವಯಸ್ಸಾದ್ಮೇಲೆ ನಡೆದಿದ್ದಕ್ಕೂ ವ್ಯತ್ಯಾಸ ಏನು ಅಂತ ನೋಡೋ ಚಾನ್ಸ್ ಬೇರೆ ಎಷ್ಟು ನಟರಲ್ಲಿ ಸಿಗುತ್ತೆ ಹೇಳಿ. ಎರಡರಲ್ಲೂ ಮಗನ ಮುಂದೆ ಅಪ್ಪ ಸುಮ್ನಾಗೋ ಜಾಗಗಳನ್ನ ಗುರುತು ಹಾಕ್ಕೊಳ್ಳಿ.

ಕಾಮಿಡಿ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ರಿಗೂ ಬಾಯಿಪಾಠ. ಗಣೇಶನ ಮದುವೆಯಲ್ಲಿ ವಿನಯಾ ಪ್ರಸಾದ್ ಜೊತೆ ವಠಾರದ ಜಗಳ ಕೆಲಸ ಮಾಡೋದು ಇಬ್ರೂ ಒಂದೇ ಸ್ಪೀಡಲ್ಲಿ ಮಾತಾಡೋದ್ರಿಂದ, ಅಷ್ಟು ನೆನಪಿಟ್ಕೊಂಡು ನಾಗತಿಹಳ್ಳಿಯವರ ಮೊದಲ ಪಿಕ್ಚರ್ ಉಂಡೂ ಹೋದ ಕೊಂಡೂ ಹೋದ (1992) ನೋಡಿ, ಅಲ್ಲಿ ತಾರಾ ಎದುರಿಗಿದಾರೆ, ಲಯನೇ ಬೇರೆ.

ಕೆಲವು ಪ್ರಾಕ್ಟಿಕಲ್ ವಿಷ್ಯ. ಹಳೇ ಪಿಕ್ಚರ್ ಯೂಟ್ಯೂಬಲ್ಲಿ ಸಿಗೋದೇನೋ ಸಿಗುತ್ತೆ, ಆದ್ರೆ ಎಷ್ಟೋ ಕಡೆ ಪಕ್ಕ ಕತ್ತರಿಸಿ ಹಾಕಿರ್ತಾರೆ, ಎದುರಿನವ್ರ ಮುಖ ಫ್ರೇಮಿನ ಹೊರಗೆ, ಅಂಥ ಪ್ರಿಂಟ್ ಇಟ್ಕೊಂಡು ಜೋಡಿ ಬಗ್ಗೆ ತೀರ್ಪು ಕೊಡ್ಬೇಡಿ. ಬೇರೆ ಭಾಷೆದಾದ್ರೆ ಧ್ವನಿ ಯಾರದ್ದು ಅಂತ ಮೊದಲು ವಿಚಾರಿಸಿ, ಮಲಯಾಳಂನ ಸ್ವಾತಿ ತಿರುನಾಳ್‌ನಲ್ಲಿ (1987) ರಾಜನ ಪಾತ್ರ ಇವ್ರದ್ದು, ಧ್ವನಿ ವೇಣು ನಾಗವಳ್ಳಿಯವ್ರದ್ದು, ಹಾಗಾಗಿ ಅಲ್ಲಿ ಹೋಲಿಸೋದಾದ್ರೆ ಮುಖ ಮೈ ಅಷ್ಟೇ. ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕೋ ಚಾಳಿ ಬಿಡಿ, ಯಾವ ಪಿಕ್ಚರ್, ಎಷ್ಟನೇ ನಿಮಿಷ, ಯಾರು ಏನು ಮಾಡಿದ್ರು, ಒಂದು ಸಾಲು ಬರೆದು ಹಾಕಿದ್ರೆ ಬೇರೆಯವ್ರು ಹೋಗಿ ನೋಡಿ ಒಪ್ತಾರೆ ಇಲ್ಲ ಬೈತಾರೆ. ಮತ್ತೆ ಅವರಿಬ್ರ ನಡುವೆ ನಿಜವಾಗ್ಲೂ ಏನಿತ್ತು ಅಂತ ಯಾರಾದ್ರೂ ಶುರು ಮಾಡಿದ್ರೆ ಅಲ್ಲೇ ನಿಲ್ಸಿ, ನಮಗೆ ಬೇಕಾಗಿರೋದು ಪರದೆ ಮೇಲಿಂದು, ಮನೆ ಒಳಗಿಂದಲ್ಲ.

ಇಷ್ಟೆಲ್ಲ ಆದ್ಮೇಲೂ "ಎದುರಿಗಿರೋರು ಬದಲಾದ್ರೆ ಇವ್ರು ಬದಲಾಗ್ತಾರೆ ಅಂತೀರಾ, ಇವ್ರೇ ಬದಲಾದ್ರೆ?" ಅಂತ ಯಾರಾದ್ರೂ ಕೊಕ್ಕೆ ಹಾಕ್ತಾರೆ. ಅವ್ರಿಗೆ ಕೆಜಿಎಫ್ ಕೊಡಿ. ಚಾಪ್ಟರ್ 1ರಲ್ಲಿ (2018) ಆನಂದ್ ಇಂಗಳಗಿಯಾಗಿ ಕೂತು ಕಥೆ ಹೇಳೋದು ಅನಂತ್ ನಾಗ್, ಕೇಳೋದು ಮಾಳವಿಕಾ ಅವಿನಾಶ್. ಚಾಪ್ಟರ್ 2ರಲ್ಲಿ ಕೇಳೋರು ಅವ್ರೇ, ಹೇಳೋರು ಇಂಗಳಗಿ ಮಗನಾಗಿ ಪ್ರಕಾಶ್ ರಾಜ್. ಎರಡರಲ್ಲೂ ರಾಕಿ ಇರೋ ಸೀನ್ ಎಲ್ಲ ಓಡಿಸಿ, ಮಾಳವಿಕಾ ಮುಖ ಒಂದನ್ನೇ ನೋಡೋಕೆ ಹೇಳಿ, ಯಾವ ಇಂಗಳಗಿ ಮಾತಿಗೆ ಆಕೆ ಜಾಸ್ತಿ ಮುಂದಕ್ಕೆ ಬಾಗಿ ಕೂರ್ತಾರೆ ಅಂತ ಅವ್ರೇ ಬಂದು ಹೇಳ್ಲಿ.