ಗುಂಡಿಗೆ ಬಡಿಯುತ್ತಿರುವಾಗಲೇ ರಿಂಗ್ ಬಿಗಿದೆವು

ಗುಂಡಿಗೆಯ ಸೋರುವ ಕವಾಟದ ಸುತ್ತ ಕೂರಿಸಿ, ಆಮೇಲೆ ತಿರುಪಿನಿಂದ ಬಿಗಿಯಬಹುದಾದ ರಿಂಗ್ ಒಂದನ್ನು ಮಾಡುತ್ತಿದ್ದೇನೆ. ತಿರುಪು ಇರುವ ರಿಂಗ್ ಗುಂಡಿಗೆಯಲ್ಲಿ ನಿಲ್ಲುವುದಿಲ್ಲ ಎಂದವರೇ ಜಾಸ್ತಿ. "ದಿನಕ್ಕೆ ಲಕ್ಷ ಸಲ ಬಡಿಯುತ್ತೆ, ಸಡಿಲ ಆಗದೆ ಇರುತ್ತೇನ್ರೀ?" ಅಂತ ಪರಿಚಯದ ಸರ್ಜನ್ ಒಬ್ಬರು ನೇರವಾಗಿ ಕೇಳಿದ್ದರು. ಹೋದ ತಿಂಗಳು ಅವರೇ ನಮ್ಮ ಪೀಣ್ಯದ ಶೆಡ್ಡಿಗೆ ಬಂದು ಸೋರಿಕೆ ಇಳಿಯುವುದನ್ನು ನೋಡಿದರು. ಅದಕ್ಕೇ ಈ ಬರಹ. ಇದು ಹಂದಿಯ ಗುಂಡಿಗೆಯನ್ನು ಪಂಪಿನಿಂದ ಬಡಿಸಿ ಬೆಂಚ್ ಮೇಲೆ ಮಾಡುವ ಪ್ರಯೋಗ, ರೋಗಿಗಳ ತನಕ ಇನ್ನೂ ಬಹಳ ದೂರವಿದೆ.

ಗುಂಡಿಗೆಯ ಎಡಗಡೆಯ ಎರಡು ಕೋಣೆಗಳ ನಡುವಿನದು ಮೈಟ್ರಲ್ ಕವಾಟ. ಅದರ ರಿಪೇರಿಯ ಪಾಡು ಹೀಗಿದೆ. ನಿಂತ ಗುಂಡಿಗೆಗೆ ಸಲೈನ್ ತುಂಬಿದಾಗ ಸೋರದ ಕವಾಟ, ಬಡಿತ ಶುರುವಾದ ಮೇಲೆ ಸೋರಬಹುದು. ಹಾಗಾಗಿ ಬಡಿಯುತ್ತಿರುವಾಗಲೇ ಬಿಗಿಯುವಂತಿರಬೇಕು. ಎಕೋ (ಗುಂಡಿಗೆಯ ಅಲ್ಟ್ರಾಸೌಂಡ್) ನೋಡುತ್ತಾ ಬಿಗಿಯುವ ಕಾರ್ಡಿಯೊಬ್ಯಾಂಡ್ ಎಂಬ ಪಟ್ಟಿಗೆ 2015ರಲ್ಲೇ ಯುರೋಪಿನ ಸಿಇ ಮಾನ್ಯತೆ ಸಿಕ್ಕಿತ್ತು. ಇಲ್ಲೇ, ಕೈಗೆಟಕುವ ಖರ್ಚಿನಲ್ಲಿ ಮಾಡಬೇಕು ಅನ್ನೋದು ನನ್ನ ಹಟ.

ಪಂಪಿಗೆ ಜೆ.ಸಿ. ರಸ್ತೆಯ ಹಳೇ ವೈಪರ್ ಮೋಟರ್ ಸಾಕಾಯಿತು. ನಿಮಿಷಕ್ಕೆ 60ರ ಆಸುಪಾಸು ತಿರುಗುತ್ತದೆ. ಹಂದಿಯ ಗುಂಡಿಗೆ ಸಿಗುವುದೇ ಕಷ್ಟ. ಅಂಗಡಿಯಲ್ಲಿ ಮೇಲಿನ ಕೋಣೆಗಳನ್ನು ಕತ್ತರಿಸಿ ಬಿಸಾಡುತ್ತಾರೆ, ನಮಗೆ ಬೇಕಾದದ್ದೇ ಅದು. "ಇಡಿಯಾಗಿ ಉಳಿಸಿಡಿ ಅಣ್ಣ" ಅಂತ ಮುಂಗಡ ಕೊಟ್ಟು ಬರುತ್ತಿದ್ದೆ. ಕವಾಟದ ಬುಡವನ್ನು ಸ್ಪ್ರಿಂಗ್ ಕಟ್ಟಿ ಹೊರಕ್ಕೆ ಎಳೆದರೆ, ಪರೀಕ್ಷೆಗೆ ಬೇಕಾದಂತೆ ಚೆನ್ನಾಗಿ ಸೋರುತ್ತದೆ.

ದುಡ್ಡು ಕರಗಲು ಶುರುವಾದದ್ದು ರಿಂಗ್ ಒಳಗಿನ ಎಳೆಯಿಂದ. ತಿರುಪು ತಿರುಗಿಸಿದರೆ ಅದು ಸಣ್ಣ ಡ್ರಮ್ಮಿಗೆ ಸುತ್ತಿಕೊಂಡು ರಿಂಗ್ ಬಿಗಿಯಾಗಬೇಕು. ಮೊದಲು ಮೀನುಗಾರರ ಹೆಣೆದ ದಾರ ಹಾಕಿದೆ. ಸಂಜೆ ಬಿಗಿದದ್ದು ಬೆಳಿಗ್ಗೆ ಸಡಿಲ, ದಾರವೇ ಹಿಗ್ಗಿತ್ತು. ನಿಟಿನಾಲ್ (ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ ಲೋಹ) ತಂತಿ ಡ್ರಮ್ಮಿನ ಮೇಲೆ ಸುತ್ತಿಕೊಳ್ಳದೆ ಪುಟಿದೇಳುತ್ತಿತ್ತು. ಅದೊಂದಕ್ಕೇ 40 ಸಾವಿರ ಹೋಯಿತು. ಕೊನೆಗೆ ಸಣ್ಣ ಎಳೆಗಳ ಸ್ಟೀಲ್ ಕೇಬಲ್ ಕೈ ಹಿಡಿಯಿತು. ಅದರ ತುದಿಯನ್ನು ಡ್ರಮ್ಮಿಗೆ ಹೇಗೆ ಕಟ್ಟಿದೆ ಅಂತ ಸದ್ಯಕ್ಕೆ ಹೇಳುವುದಿಲ್ಲ, ಪೇಟೆಂಟ್ ಅರ್ಜಿ ಬಾಕಿ ಇದೆ.

ಸಡಿಲವಾಗದಂತೆ ಹಿಡಿದದ್ದು ವರ್ಮ್ ಗೇರ್, ಅಂದರೆ ತಿರುಪು ಮತ್ತು ಹಲ್ಲುಗಾಲಿಯ ಜೋಡಿ. ನೀವು ತಿರುಗಿಸಿದರೆ ಕೇಬಲ್ ಎಳೆಯುತ್ತದೆ, ಕೇಬಲ್ ಎಷ್ಟು ಜಗ್ಗಿದರೂ ಗೇರ್ ತಿರುಗುವುದಿಲ್ಲ. ಆದರೆ ಅಷ್ಟು ಚಿಕ್ಕದನ್ನು ಕೊರೆಯುವವರು ಬೇಕಲ್ವಾ? ಲೇತ್ ಶಾಪಿನವರೆಲ್ಲ ಆಗಲ್ಲ ಅಂದುಬಿಟ್ಟರು. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಮಾಡಿಕೊಟ್ಟರು. ಒಟ್ಟು ಖರ್ಚು ನಾಲ್ಕು ಲಕ್ಷದ ಹತ್ತಿರ, ಅರ್ಧ ಈ ಗೇರಿಗೇ. ಅವರ ಕೈಕೆಲಸ ನೋಡಿದರೆ ಅದು ಕಡಿಮೆಯೇ.

 

ಸರ್ಜನ್ ಬಂದ ದಿನ ಪಂಪ್ ಪ್ರತಿ ಬಡಿತಕ್ಕೆ 60 ಮಿಲಿ ತಳ್ಳುತ್ತಿತ್ತು. ಅಯೋರ್ಟಾದಿಂದ (ಗುಂಡಿಗೆಯಿಂದ ಹೊರಡುವ ಮುಖ್ಯ ರಕ್ತನಾಳ) ಹೊರಬರುತ್ತಿದ್ದದ್ದು 35ರಷ್ಟು, ಉಳಿದದ್ದು ಕವಾಟದಲ್ಲಿ ಹಿಂದಕ್ಕೆ ಸೋರುತ್ತಿತ್ತು. ಬಿಗಿಯುತ್ತಾ ಹೋದಂತೆ 50 ದಾಟಿತು. ಇನ್ನೂ ಬಿಗಿದಾಗ ಒಳಬರುವ ದಾರಿಯೇ ಕಿರಿದಾಗಿ ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ ಏರಿತು. ಆಗ ಅವರೇ ಕೀಲಿ ಹಿಡಿದು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರು. ರಿಂಗ್ ಅಲ್ಲಿಗೇ ನಿಂತಿತು. ರಾತ್ರಿಯಿಡೀ ಪಂಪ್ ಓಡಿಸಿದೆವು, ಬೆಳಿಗ್ಗೆಯೂ ಅದೇ ಅಳತೆ.