ಕನ್ನಡ ನಡೆಯುವಲ್ಲಿ ಇಂಗ್ಲಿಷ್ ಓಡುತ್ತದೆ: ‘ರನ್’ ಪದ ಕಲಿಯುವುದು ಹೇಗೆ?

ನಮ್ಮ ಬೀದಿಯ ಕೆಲವು ಕಾಲೇಜು ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ತಿಂಗಳು ‘ಹರ್ ಮದರ್ ರನ್ಸ್ ಎ ಮೆಸ್’ ಅಂತ ಒಂದು ವಾಕ್ಯ ಕೊಟ್ಟೆ. ಎಂಟು ಜನರಲ್ಲಿ ಐವರು ‘ಅವಳ ತಾಯಿ ಮೆಸ್ಸಿಗೆ ಓಡುತ್ತಾಳೆ’ ಎಂದು ಬರೆದರು. ಆ ಐವರಲ್ಲಿ ಒಬ್ಬಳ ತಾಯಿ ನಿಜಕ್ಕೂ ಮೆಸ್ ನಡೆಸುತ್ತಾರೆ. ತನ್ನ ಮನೆಯ ಮಾತೇ ಎದುರಿಗಿದ್ದರೂ ಅವಳಿಗೆ ಗುರುತು ಸಿಗಲಿಲ್ಲ. ತಪ್ಪು ಅವಳದಲ್ಲ. ಚಿಕ್ಕಂದಿನಲ್ಲಿ ‘ರನ್ ಅಂದರೆ ಓಡು’ ಎಂದು ಬಾಯಿಪಾಠ ಮಾಡಿಸಿ ಅಲ್ಲಿಗೇ ಬಿಟ್ಟುಬಿಡುತ್ತೇವೆ.

ಈ ಪುಟ್ಟ ಪದ ನಿಘಂಟು ಮಾಡುವವರನ್ನೇ ಸುಸ್ತು ಮಾಡಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಹೊಸ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದಕ್ಕೇ 645 ಅರ್ಥಗಳನ್ನು ಕೊಟ್ಟಿದ್ದಾರೆ. ಅದನ್ನು ಬಿಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ನಮಗೆ ಅಷ್ಟೆಲ್ಲ ಬೇಡ. ಮೂವತ್ತು ನಲವತ್ತು ಬಳಕೆ ಕೈಗೆ ಬಂದರೆ ಪೇಪರು, ಆಫೀಸು, ಸಂದರ್ಶನ ಎಲ್ಲ ಸಲೀಸು.

ಮೊದಲು ಒಂದಷ್ಟು ಕಾಗದದ ಚೀಟಿ, ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಕಲಿಯುವವರಿಗೆಂದೇ ಮಾಡಿದ ನಿಘಂಟು ಆಗಲಿ, ಅದರಲ್ಲಿ ಉದಾಹರಣೆ ವಾಕ್ಯಗಳು ಜಾಸ್ತಿ ಇರುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ‘ತಿಂಗಳಲ್ಲಿ ಇಂಗ್ಲಿಷ್’ ಪುಸ್ತಕ ದಯವಿಟ್ಟು ಬೇಡ. ‘ರನ್: ಓಡು, ಹರಿ, ನಡೆಸು, ಸ್ಪರ್ಧಿಸು’ ಎಂದು ಒಂದೇ ಸಾಲಿನಲ್ಲಿ ಸುರಿದಿರುತ್ತಾರೆ. ಯಾವುದು ಎಲ್ಲಿಗೆ ಅಂತ ಹೇಳಿರುವುದೇ ಇಲ್ಲ.

ಆಮೇಲೆ ವಾಕ್ಯ ಕೂಡಿಸಿ. ಒಂದು ಚೀಟಿಗೆ ಒಂದೇ ವಾಕ್ಯ, ಪದವನ್ನಷ್ಟೇ ಬರೆಯಬೇಡಿ. ಆಕ್ಸ್‌ಫರ್ಡ್ ನಿಘಂಟು ಹುಟ್ಟಿದ್ದೂ ಹೀಗೆಯೇ. ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಓದುಗರಿಗೆ ಮನವಿ ಮಾಡಿದರು. ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿ ಎಂದರು. ರಾಶಿ ರಾಶಿ ಚೀಟಿ ಬಂದವು. ಮೊದಲ ಭಾಗ 1884ರಲ್ಲಿ ಬಂತು, ಕೆಲಸ ಮುಗಿದದ್ದು 1928ರಲ್ಲಿ. ನಿಮಗೆ ಎರಡು ವಾರ ಸಾಕು. ರೈಲ್ವೆ ಪ್ರಕಟಣೆಯಲ್ಲಿ ‘ರನ್ನಿಂಗ್ ಲೇಟ್’ ಇರುತ್ತದೆ, ಹೊಸ ಬಟ್ಟೆಯ ಲೇಬಲ್ಲಿನಲ್ಲಿ ‘ಕಲರ್ಸ್ ಮೇ ರನ್’ ಇರುತ್ತದೆ.

ಈಗ ಕಷ್ಟದ ಹಂತ. ಎಲ್ಲರೂ ಎಡವುವುದು ಇಲ್ಲಿಯೇ, ಅದಕ್ಕೇ ನಿಧಾನವಾಗಿ ಮಾಡಿ. ಚೀಟಿಗಳನ್ನು ನೆಲದ ಮೇಲೆ ಹರಡಿ. ಪ್ರತಿ ವಾಕ್ಯವನ್ನೂ ನಿಮ್ಮ ಅಜ್ಜಿಗೆ ಹೇಳುತ್ತಿದ್ದೀರಿ ಅಂದುಕೊಂಡು ಕನ್ನಡದಲ್ಲಿ ಹೇಳಿ. ಆಗ ಬಾಯಿಗೆ ಬರುವ ಕ್ರಿಯಾಪದ ಯಾವುದೋ ಆ ಗುಂಪಿಗೆ ಚೀಟಿ ಸೇರಿಸಿ. ಮಕ್ಕಳು ಓಡುತ್ತಾರೆ, ಸಿನಿಮಾ ನೂರು ದಿನ ಓಡುತ್ತದೆ. ಇದು ‘ಓಡು’ ಗುಂಪು, ಸಣ್ಣದು. ನಲ್ಲಿಯಲ್ಲಿ ನೀರು ಬರುತ್ತದೆ, ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ರನ್’ ಒಂದೇ. ಇದು ನೀರಿನ ಗುಂಪು.

ಅತಿ ದೊಡ್ಡ ಗುಂಪು ‘ನಡೆ’, ‘ನಡೆಸು’. ಅಂಗಡಿ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ, ಶಿಬಿರ ನಡೆಸುತ್ತೇವೆ. ನಾವು ನಡೆಸುವ ಕಡೆಯೆಲ್ಲ ಇಂಗ್ಲಿಷಿನವರು ಓಡಿಸುತ್ತಾರೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಮೆಸ್ ನಡೆಸುವ ತಾಯಿಯ ಮಗಳಿಗೆ ಇಷ್ಟೇ ಹೇಳಿದೆ. ಅವಳು ತಕ್ಷಣ ‘ಹಾಗಾದ್ರೆ ನಮ್ಮ ಮಾವ ರನ್ಸ್ ಎ ಗ್ಯಾರೇಜ್ ಅನ್ನಬಹುದಾ ಮೇಡಂ?’ ಎಂದಳು. ಅನ್ನಬಹುದು, ಅದೇ ಸರಿ.

ಆದರೆ ಈ ಲೆಕ್ಕ ತಿರುಗಾಮುರುಗಾ ಆಗುವುದಿಲ್ಲ, ಎಚ್ಚರ. ನಾವು ಕಾರು ‘ಓಡಿಸುತ್ತೇವೆ’, ಇಂಗ್ಲಿಷಿನಲ್ಲಿ ಅದು ‘ಡ್ರೈವ್’. ‘ಹಿ ರನ್ಸ್ ಎ ಕಾರ್’ ಅಂದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಅವನು ಕಾರು ಇಟ್ಟುಕೊಂಡು ಅದರ ಖರ್ಚು ನೋಡಿಕೊಳ್ಳುತ್ತಾನೆ ಎಂದು. ಚುನಾವಣೆಯ ವಿಷಯದಲ್ಲೂ ಹಾಗೆಯೇ. ಅಮೆರಿಕದವರು ‘ರನ್’ ಅನ್ನುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಅನ್ನುತ್ತಾರೆ. ನಾವು ಚುನಾವಣೆಗೆ ನಿಲ್ಲುತ್ತೇವಲ್ಲ, ಹಾಗೆ. ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಕಾಂಟೆಸ್ಟ್’.

ಇನ್ನು ಬಾಲದ ಪದಗಳು. ‘ರನ್ ಔಟ್’ ಕ್ರಿಕೆಟ್ಟಿನಿಂದ ಎಲ್ಲರಿಗೂ ಗೊತ್ತು. ಅಡುಗೆಮನೆಯಲ್ಲಿ ಅದು ಖಾಲಿಯಾಗುವುದು. ಇಲ್ಲಿ ವಾಕ್ಯ ಕೆಡಿಸುವವರು ತುಂಬಾ ಜನ. ಉಪ್ಪಿನಿಂದ ಶುರು ಮಾಡಿದರೆ ‘ದಿ ಸಾಲ್ಟ್ ಹ್ಯಾಸ್ ರನ್ ಔಟ್’. ನಮ್ಮಿಂದ ಶುರು ಮಾಡಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಸಾಲ್ಟ್’. ಎರಡನೆಯದರಲ್ಲಿ ಆ ‘ಆಫ್’ ಬೇಕೇ ಬೇಕು. ‘ರನ್ ಇನ್‌ಟು’ಗೆ ಮೂರು ಚೀಟಿ ಮಾಡಿ. ಕಾರು ಮರಕ್ಕೆ ಗುದ್ದುವುದು, ಸಂತೆಯಲ್ಲಿ ಹಳೇ ಗೆಳತಿ ಅಚಾನಕ್ ಸಿಗುವುದು, ಖರ್ಚು ಲಕ್ಷಗಟ್ಟಲೆ ಆಗುವುದು. ‘ರನ್ ಓವರ್’ ಅಂದರೆ ವಾಹನ ಮೈಮೇಲೆ ಹರಿಯುವುದು. ಸಭೆ ಹೊತ್ತು ಮೀರಿದರೂ ಅದೇ ಪದ. ಕೆಲವರು ಇವನ್ನು ಅಕ್ಷರಮಾಲೆಯ ಕ್ರಮದಲ್ಲಿ ಉರು ಹೊಡೆಯುತ್ತಾರೆ. ಹಾಗೆ ಮಾಡಿದರೆ ಒಂದು ವಾರವೂ ನಿಲ್ಲದು. ಚೀಟಿಯ ಹಿಂದೆ ನಿಮ್ಮ ಮನೆಯದೇ ಒಂದು ಸಂಗತಿ ಬರೆಯಿರಿ, ಮರೆಯುವುದಿಲ್ಲ.

ಫೋನಿನ ಅನುವಾದದ ಆ್ಯಪ್ ಬಗ್ಗೆ ಕೇಳುತ್ತಾರೆ. ಉತ್ತರ ನೋಡಿಕೊಳ್ಳಲು ಬಳಸಿ, ಆದರೆ ನೀವು ಕನ್ನಡದಲ್ಲಿ ಹೇಳಿ ನೋಡಿದ ಮೇಲೆ ಮಾತ್ರ. ಮೊದಲೇ ನೋಡಿದರೆ ಹುಡುಕುವ ಕೆಲಸ ನಿಮ್ಮ ತಲೆ ಮಾಡುವುದೇ ಇಲ್ಲ.

ರೂಪಗಳು ಸುಲಭ: ರನ್, ರ್‍ಯಾನ್, ರನ್. ‘ಹ್ಯಾವ್ ರ್‍ಯಾನ್’ ತಪ್ಪು, ‘ಹ್ಯಾವ್ ರನ್’ ಸರಿ.

ಕೊನೆಗೆ ದಿನಕ್ಕೆ ಐದು ಚೀಟಿ ಎತ್ತಿ ಜೋರಾಗಿ ಓದಿ. ಗಟ್ಟಿಯಾದದ್ದನ್ನು ಬೇರೆ ಡಬ್ಬಿಗೆ ಹಾಕಿ. ಡಬ್ಬಿ ತುಂಬಿದ ಮೇಲೆ ‘ಸೆಟ್’ ಶುರು ಮಾಡಿ. 1989ರ ಆಕ್ಸ್‌ಫರ್ಡ್ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ಆ ಪದಕ್ಕೆ.