ಖಳನನ್ನು ಆರಿಸುವಾಗ ರಾವಣನನ್ನು ಬಿಡಿ

ಚುನಾವಣೆ ಹತ್ತಿರ ಬಂತೆಂದರೆ ರಾವಣನಿಗೆ ಬಿಡುವಿಲ್ಲ. 2022ರ ನವೆಂಬರ್‌ನಲ್ಲಿ ಗುಜರಾತ್ ಪ್ರಚಾರಕ್ಕೆಂದು ಅಹಮದಾಬಾದಿಗೆ ಹೋಗಿದ್ದ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು, ಪ್ರಧಾನಿಗೆ ರಾವಣನ ಹಾಗೆ ನೂರು ತಲೆಗಳಿವೆಯೇ ಎಂದು ಕೇಳಿದರು. ಯಾವ ಚುನಾವಣೆಯಾದರೂ ಒಂದೇ ಮುಖ ತೋರಿಸಿ ಮತ ಕೇಳುತ್ತಾರೆ ಎಂಬುದು ಅವರ ತಕರಾರು. ಅದರಲ್ಲಿ ಹುರುಳಿತ್ತು. ಆದರೆ ಮರುದಿನಕ್ಕೆ ತಕರಾರು ಮಾಯವಾಗಿ ರಾವಣನೊಬ್ಬನೇ ಉಳಿದಿದ್ದ. ಮೋದಿಯವರು ಅದನ್ನೇ ತಮ್ಮ ಭಾಷಣದ ಸರಕು ಮಾಡಿಕೊಂಡರು. ಮುಂದಿನ ವರ್ಷ ಬಿಜೆಪಿ ರಾಹುಲ್ ಗಾಂಧಿಯವರಿಗೆ ಹಲವು ತಲೆ ಅಂಟಿಸಿ ರಾವಣನಾಗಿಸಿತು, ಕಾಂಗ್ರೆಸ್ಸಿನವರು ಪ್ರತಿಭಟನೆಗೆ ಇಳಿದರು. ಎರಡೂ ಸಲ ಕೋಪ ಬಂದವರು ಬಹಳ ಮಂದಿ, ನಕ್ಕವರನ್ನು ನಾನು ಕಾಣಲಿಲ್ಲ.

ನಾನು ಹೊನ್ನಾವರದ ಕಡೆಯವನು. ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ಹವ್ಯಾಸಿ ಅರ್ಥಧಾರಿ, ಎಂದರೆ ಪಾತ್ರವಾಗಿ ಮಾತಾಡುವವನು; ಬಿಡುವಿನಲ್ಲಿ ವಿಡಂಬನೆ ಬರೆಯುತ್ತೇನೆ. ನಾಯಕರನ್ನು ಪುರಾಣದ ಖಳರಿಗೆ ಹೋಲಿಸಿ ಬರೆಯುವುದು ಹೇಗೆ ಎಂದು ಕೇಳುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ರಾವಣ ಬೇಡ. ಯಕ್ಷಗಾನದ ಆಟದಲ್ಲಿ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವಾಗ ಚಂಡೆಯ ಸದ್ದಿಗೆ ನಿದ್ದೆ ಹೋಗಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಅಂಥ ಪ್ರವೇಶವನ್ನು ಯಾವ ಪುಢಾರಿಗೂ ಪುಕ್ಕಟೆ ಕೊಡಬಾರದು. ದುರ್ಯೋಧನನೂ ಅಷ್ಟೆ, ಛಲಕ್ಕೆ ಅವನೇ ಎಂದು ಪಂಪನೇ ಹಾಡಿಬಿಟ್ಟಿದ್ದಾನೆ. (ಅದೇ ಪಂಪ ಕ್ರಿ.ಶ. 941ರಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಮಹಾಕಾವ್ಯ ಬರೆದ. ನಾಯಕನಿಗೆ ಪುರಾಣದ ವೇಷ ತೊಡಿಸುವ ಕಸುಬು ನಮ್ಮಲ್ಲಿ ಅಷ್ಟು ಹಳೆಯದು. ನಾವು ಮಾಡುವುದು ಅದರ ಉಲ್ಟಾ ಕೆಲಸ.)

ಹಾಗಾದರೆ ಯಾರನ್ನು ಆರಿಸಬೇಕು? ಪಾತ್ರದಿಂದ ಹೊರಡಬೇಡಿ, ಕೃತ್ಯದಿಂದ ಹೊರಡಿ. ನಾಯಕ ಮಾಡಿದ್ದನ್ನು ಒಂದೇ ವಾಕ್ಯದಲ್ಲಿ, ವಿಶೇಷಣವಿಲ್ಲದೆ, ತಾರೀಖಿನೊಂದಿಗೆ ಬರೆದುಕೊಳ್ಳಿ. ಆಮೇಲೆ ಅದೇ ಕೆಲಸವನ್ನು ಪುರಾಣದಲ್ಲಿ ಮಾಡಿದವರು ಯಾರೆಂದು ಹುಡುಕಿ. ಕೃತ್ಯ ತಾಳೆಯಾಗದಿದ್ದರೆ ಹೋಲಿಕೆ ತಿರುಗಿ ಹೊಡೆಯುತ್ತದೆ. ಸದನದಲ್ಲಿ ತೂಕಡಿಸಿದವರನ್ನೆಲ್ಲ ಕುಂಭಕರ್ಣ ಎನ್ನುತ್ತಾರೆ. ಕುಂಭಕರ್ಣ ಎಚ್ಚರವಾದ ಮೇಲೆ ‘ನೀನು ಮಾಡಿದ್ದು ತಪ್ಪು’ ಎಂದು ಅಣ್ಣನ ಮುಖಕ್ಕೇ ಹೇಳಿದವನು. ನಿಮ್ಮ ಶಾಸಕರು ಹೈಕಮಾಂಡಿಗೆ ಒಮ್ಮೆಯಾದರೂ ಹಾಗೆ ಹೇಳಿದ್ದಾರೆಯೇ?

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಕೃತ್ಯ: 2019ರ ಜುಲೈನಲ್ಲಿ ಕರ್ನಾಟಕದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಕಡೆಯ ಶಾಸಕರು ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲ್ ಸೇರಿದರು, 23ರಂದು ಸರ್ಕಾರ 99–105ರಿಂದ ಬಿತ್ತು, ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು, ಅವರಲ್ಲಿ ಉಪಚುನಾವಣೆ ಗೆದ್ದು ಬಂದ ಹತ್ತು ಮಂದಿ 2020ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರದ ಮಂತ್ರಿಗಳಾದರು. ಇದಕ್ಕೆ ಶಕುನಿ ಒಗ್ಗುವುದಿಲ್ಲ, ಅವನು ಕೊನೆಯವರೆಗೂ ಒಂದೇ ಪಕ್ಷದಲ್ಲಿದ್ದ. ಒಗ್ಗುವವನು ಶಲ್ಯ. ಮಾದ್ರಿಯ ಅಣ್ಣ, ಪಾಂಡವರ ಸೋದರಮಾವ. ಸೈನ್ಯ ಸಮೇತ ಅವರನ್ನು ಸೇರಲು ಹೊರಟವನಿಗೆ ದುರ್ಯೋಧನ ದಾರಿಯುದ್ದಕ್ಕೂ ಬಿಡಾರ ಕಟ್ಟಿಸಿ, ಭೋಜನವಿಟ್ಟು ಉಪಚರಿಸಿದ. ಇದು ಧರ್ಮರಾಯನ ಏರ್ಪಾಡು ಎಂದೇ ತಿಳಿದು ಉಂಡ ಶಲ್ಯ, ಉಪಚರಿಸಿದವನಿಗೆ ವರ ಕೊಡುತ್ತೇನೆಂದ. ದುರ್ಯೋಧನ ಎದುರಿಗೆ ಬಂದು ನಿಂತ. ವ್ಯಾಸರು ರೆಸಾರ್ಟ್ ನೋಡಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ.

ಈಗ ಬರವಣಿಗೆ. ‘ಶಲ್ಯನಂಥ ನಾಚಿಕೆಗೆಟ್ಟ ಶಾಸಕರು ತಮ್ಮನ್ನು ತಾವೇ ಮಾರಿಕೊಂಡರು’ ಎಂದು ಬರೆದರೆ ಅದು ಬೈಗುಳ, ಮೇಲಾಗಿ ಪುರಾವೆ ಕೇಳುವ ವಾಕ್ಯ. ಅದನ್ನು ಹೊಡೆದುಹಾಕಿ ಶಲ್ಯನನ್ನೇ ಮಾತಿಗೆ ಕೂರಿಸಿ. ತಾಳಮದ್ದಲೆ ಕಲಿಸುವುದು ಇದನ್ನೇ: ವೇಷವಿಲ್ಲ, ಕುಣಿತವಿಲ್ಲ, ಖಳನಿಗೆ ತನ್ನ ಪರ ವಾದಿಸಲು ಪೂರ್ತಿ ಅವಕಾಶವಿದೆ.

‘ನಾನು ಪಕ್ಷಾಂತರ ಮಾಡಿದೆನೇ? ಶಾಂತಂ ಪಾಪಂ. ಹೊರಟದ್ದು ತಂಗಿಯ ಮಕ್ಕಳ ಕಡೆಗೇ. ನಡುವೆ ನೆರಳು ಸಿಕ್ಕಿತು, ಊಟ ಸಿಕ್ಕಿತು, ಈಜುಕೊಳ ಸಿಕ್ಕಿತು. ಉಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳಿಲ್ಲವೇ? ಇಷ್ಟಕ್ಕೂ ನನಗೆ ಸ್ವಂತ ಆಸೆ ಯಾವುದೂ ಇಲ್ಲ. ಎಲ್ಲವೂ ಮದ್ರ ದೇಶದ ಅಭಿವೃದ್ಧಿಗಾಗಿ.’

ಯಾರ ಹೆಸರೂ ಇಲ್ಲ, ಪಕ್ಷವೂ ಇಲ್ಲ. ಕೊನೆಯ ವಾಕ್ಯ ಬರುತ್ತಿದ್ದ ಹಾಗೆ ಓದುಗನಿಗೆ ತನ್ನ ಕ್ಷೇತ್ರದವರ ಮುಖ ಕಾಣುತ್ತದೆ. ಈಜುಕೊಳ ಒಂದೇ ಸಾಕು. ಅದರ ಜೊತೆಗೆ ಮೊಬೈಲ್, ಹವಾನಿಯಂತ್ರಣ, ವಿಶೇಷ ವಿಮಾನ ಎಂದು ಹೊಸ ಕಾಲದ ಸಾಮಾನು ತುಂಬಿದರೆ ಶಲ್ಯ ಕಾಣೆಯಾಗುತ್ತಾನೆ. ಕಥೆ ಇನ್ನೂ ಮುಂದಕ್ಕೆ ಹಾಲು ಕೊಡುತ್ತದೆ: ಶಲ್ಯ ಆಮೇಲೆ ಧರ್ಮರಾಯನನ್ನು ಕಂಡು, ಆಚೆ ಕಡೆ ಇದ್ದುಕೊಂಡೇ ಕರ್ಣನ ಧೈರ್ಯ ಕುಂದಿಸುವೆನೆಂದು ಮಾತು ಕೊಟ್ಟ. ಹೊಸ ಪಕ್ಷದಲ್ಲಿ ಭಿನ್ನಮತ ಶುರುವಾದ ದಿನಕ್ಕೆ ಈ ಭಾಗವನ್ನು ಎತ್ತಿಟ್ಟುಕೊಳ್ಳಿ.

ಪಕ್ಷಾಂತರ ನಿಷೇಧ ಕಾಯ್ದೆಗೆ ಬೇರೆ ಪಾತ್ರವಿದೆ. 1985ರಲ್ಲಿ ಅದು ಬಂದಾಗ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದುಹೋದರೆ ತಪ್ಪಿಲ್ಲ ಎಂದಿತ್ತು. 2003ರಲ್ಲಿ ಆ ಬಾಗಿಲು ಮುಚ್ಚಿತು. ಆಮೇಲೆ ರಾಜೀನಾಮೆಯ ದಾರಿ ತೆರೆಯಿತು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ ಎಂದು ವರ ಬರೆಸಿಕೊಂಡ ಹಿರಣ್ಯಕಶಿಪುವಿಗೆ ಇಂಥ ವಕೀಲರು ಸಿಕ್ಕಿದ್ದರೆ ಹೊಸ್ತಿಲನ್ನೂ ಬರೆಸಿಕೊಳ್ಳುತ್ತಿದ್ದ.

ಕಮಿಷನ್‌ಗೆ ಬಕಾಸುರನಿದ್ದಾನೆ. ಅವನು ಹೊಟ್ಟೆಬಾಕ ಎಂಬುದಷ್ಟೇ ಹಿಡಿದರೆ ಬರಹ ಸಪ್ಪೆ. ದರ ನಿಗದಿಯಾಗಿತ್ತು ಎಂಬುದು ಮುಖ್ಯ: ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಬಂದ ಮನುಷ್ಯ. ಊರಿನವರು ಸರದಿ ಪಟ್ಟಿ ಮಾಡಿಕೊಂಡಿದ್ದರು, ಪ್ರತಿಯಾಗಿ ಅವನು ಊರನ್ನು ಹೊರಗಿನ ಶತ್ರುಗಳಿಂದ ಕಾಯುತ್ತಿದ್ದ. ಕಾಮಗಾರಿಗೆ ಶೇ 40 ಕಮಿಷನ್ ಕೇಳುತ್ತಾರೆಂಬ ದೂರನ್ನು ರಾಜ್ಯದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದಿತ್ತು. ಸರ್ಕಾರ ಬದಲಾದ ಮೇಲೂ ಕಮಿಷನ್ನಿನ ಮಾತು ನಿಲ್ಲಲಿಲ್ಲ. ಆದರೆ ಆರೋಪವನ್ನು ಆರೋಪವೆಂದೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆಯಿದೆ. ಸಾರ್ವಜನಿಕ ಹುದ್ದೆಯಲ್ಲಿರುವವರ ಸಾರ್ವಜನಿಕ ನಡತೆಯ ಬಗ್ಗೆ ಸದುದ್ದೇಶದಿಂದ ಹೇಳುವ ಅಭಿಪ್ರಾಯಕ್ಕೆ ಅದೇ ಕಲಂನಲ್ಲಿ ವಿನಾಯಿತಿಯೂ ಇದೆ. ಮನೆಯವರನ್ನು ಎಳೆದು ತಂದರೆ ಆ ನೆರಳು ತಪ್ಪುತ್ತದೆ.

ಮೈಬಣ್ಣ, ಹಲ್ಲು, ಜಾತಿ, ಕಾಯಿಲೆ ಇವುಗಳಿಗೆ ಯಾವ ರಾಕ್ಷಸನನ್ನೂ ಕರೆಯಬೇಡಿ. ಹೆಂಗಸರು ರಾಜಕೀಯದಲ್ಲಿ ಗಟ್ಟಿಯಾಗಿ ನಕ್ಕರೆ ಶೂರ್ಪನಖಿ ಎನ್ನುವವರಿದ್ದಾರೆ. ಅಲ್ಲಿ ಕೃತ್ಯವೇ ಇಲ್ಲ, ಬರೆದವನ ಬುದ್ಧಿ ಮಾತ್ರ ಕಾಣುತ್ತದೆ.

ಬರೆದಾದ ಮೇಲೆ ಆ ನಾಯಕನ ಅಭಿಮಾನಿಯೊಬ್ಬರನ್ನು ಹಿಡಿದು ಕೂರಿಸಿ ಗಟ್ಟಿಯಾಗಿ ಓದಿ. ‘ನಮ್ಮ ಸಾಹೇಬರನ್ನು ಶಲ್ಯ ಎನ್ನುತ್ತೀರಾ’ ಎಂದು ಹೆಸರಿಗೇ ಸಿಟ್ಟಾದರೆ ಕೃತ್ಯ ಇನ್ನೂ ಮೇಲೆ ಬಂದಿಲ್ಲ, ತಿದ್ದಿ. ‘2018ರಲ್ಲಿ ಕಾಂಗ್ರೆಸ್ಸಿನವರು ತಮ್ಮ ಶಾಸಕರನ್ನು ಬಿಡದಿಯ ರೆಸಾರ್ಟಿನಲ್ಲಿ ಕೂಡಿಹಾಕಿರಲಿಲ್ಲವೇ’ ಎಂದು ವಾದಕ್ಕೆ ನಿಂತರೆ ಬರಹ ಸರಿಯಾಗಿದೆ. ಅವರು ಹೇಳಿದ್ದೂ ನಿಜವೇ. ಅಚ್ಚಿಗೆ ಕೊಡುವ ಮೊದಲು ಧರ್ಮರಾಯನ ಬಾಯಲ್ಲಿ ಇಷ್ಟನ್ನು ಸೇರಿಸಿಬಿಡಿ: ‘ಮಾವ, ಬಿಡಾರ ನಾವೂ ಕಟ್ಟಿಸಿದ್ದೆವು. ನೀವು ಆ ದಾರಿಯಲ್ಲಿ ಬರಲಿಲ್ಲ.’